ಮೂರನೇ ಪೈಪಿನ ನೀರು

ನನಗೆ ಬಾಯಿ ಇದೆ, ಆದರೆ ಬರುವುದು ಒಂದೇ ಮಾತು. ನೀರು ಮುಟ್ಟಿದರೆ 'ಪೀ' ಎನ್ನುತ್ತೇನೆ. ಮುಟ್ಟದಿದ್ದರೆ ಸುಮ್ಮನಿರುತ್ತೇನೆ. ನೆಲದೊಳಗೆ ನೀರು ಎಷ್ಟು ಆಳದಲ್ಲಿದೆ ಎಂದು ಅಳೆಯುವ ಟೇಪು ನಾನು. ಮೈ ಹಳದಿ, ಉದ್ದ ಐವತ್ತು ಮೀಟರ್. ತುದಿಯಲ್ಲಿ ಹೆಬ್ಬೆರಳಷ್ಟು ದಪ್ಪದ ಉಕ್ಕಿನ ಗುಂಡು. ನನ್ನನ್ನು ಸುತ್ತಿಡುವ ಚಕ್ರದ ಹೊಟ್ಟೆಯೊಳಗೆ ಒಂದು ಬ್ಯಾಟರಿ, ಒಂದು ಕೆಂಪು ದೀಪ, ಒಂದು ಪುಟ್ಟ ಪೀಪಿ. ಗುಂಡಿಗೆ ನೀರು ತಾಗಿದ ಕ್ಷಣ ಒಳಗಿನ ಎರಡು ತಂತಿಗಳ ನಡುವೆ ಕರೆಂಟು ಹರಿಯುತ್ತದೆ, ನಾನು ಕೂಗುತ್ತೇನೆ. ಆಗ ಪೈಪಿನ ಬಾಯಿಯ ಬಳಿ ನನ್ನ ಮೈಮೇಲಿನ ಅಂಕಿ ಓದಿದರೆ ಮುಗಿಯಿತು.

ಹುಟ್ಟಿದ್ದು ಬೆಂಗಳೂರಿನ ಪೀಣ್ಯದ ಒಂದು ತಗಡಿನ ಶೆಡ್ಡಿನಲ್ಲಿ. ನನ್ನನ್ನು ಜೋಡಿಸಿದ ಹೆಂಗಸಿನ ಹೆಸರು ನನಗೆ ತಿಳಿಯಲಿಲ್ಲ. ಕೊನೆಯ ಸ್ಕ್ರೂ ತಿರುಗಿಸಿದ ಮೇಲೆ ಆಕೆ ಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು ಗುಂಡಿನ ತುದಿಯನ್ನು ಒತ್ತಿದಳು. ನಾನು ಜೀವಮಾನದಲ್ಲೇ ಮೊದಲ ಸಲ ಕೂಗಿದೆ. "ಇದರ ಗಂಟಲು ಜೋರಾಗಿದೆ ಕಣೇ," ಎಂದು ಪಕ್ಕದವಳಿಗೆ ಹೇಳಿ ನನ್ನನ್ನು ಪೆಟ್ಟಿಗೆಗೆ ಹಾಕಿದಳು.

ಮೊದಲ ನಾಲ್ಕು ವರ್ಷ ನಾನು ಕೊಳವೆಬಾವಿ ಪರೀಕ್ಷಿಸುವ ಒಬ್ಬರ ಜೊತೆ ಊರೂರು ಸುತ್ತಿದೆ. ಆ ದಿನಗಳಲ್ಲಿ ನಾನು ಎಷ್ಟು ಬೇಗ ಕೂಗಿದರೆ ಅಷ್ಟು ಸಂತೋಷ. ಬಾವಿಯ ಸುತ್ತ ನಿಂತ ಹೆಂಗಸರು ನನ್ನ ದನಿ ಕೇಳಿ ಕೈಮುಗಿದದ್ದೂ ಉಂಟು. ನೀರು ಮೇಲಿದ್ದರೆ ಒಳ್ಳೆಯದು ಎಂದೇ ನಾನು ತಿಳಿದಿದ್ದೆ. ಆ ತಿಳಿವಳಿಕೆ ತಲೆಕೆಳಗಾದದ್ದು ಸಂಡೂರಿನ ಕಡೆ ಬಂದ ಮೇಲೆ.

ಅಲ್ಲಿ ಕೆಂಚಿಗುಡ್ಡ ಎಂಬಲ್ಲಿ ಒಂದು ಹಳೆಯ ಕಬ್ಬಿಣದ ಅದಿರಿನ ಗಣಿ ಇತ್ತು. ಗಣಿ ಮುಚ್ಚಿ ವರ್ಷಗಳಾಗಿದ್ದವು. ಅದಿರು ತೆಗೆದ ಮೇಲೆ ಉಳಿದ ಕೆಲಸಕ್ಕೆ ಬಾರದ ಕಲ್ಲುಮಣ್ಣನ್ನು ಲಾರಿಗಟ್ಟಲೆ ಸುರಿದು ಸುರಿದು ಅಲ್ಲೊಂದು ಹೊಸ ಗುಡ್ಡವೇ ಎದ್ದಿತ್ತು. ಜನ ಅದನ್ನು ಡಂಪು ಎನ್ನುತ್ತಿದ್ದರು. ಮುಚ್ಚುವಾಗ ಡಂಪನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ತೆಂಗಿನ ನಾರಿನ ಬಲೆ ಹೊದಿಸಿ, ಹೊಂಗೆ, ಬಿದಿರು, ಸೀತಾಫಲ ನೆಟ್ಟಿದ್ದರು. ದೂರದಿಂದ ನೋಡಿದರೆ ದೇವರು ಮಾಡಿದ ಗುಡ್ಡವೋ ಮನುಷ್ಯ ಮಾಡಿದ್ದೋ ಗೊತ್ತಾಗುತ್ತಿರಲಿಲ್ಲ. ಡಂಪಿನ ಬುಡದಲ್ಲಿ ಒಂದು ದೊಡ್ಡ ಮಣ್ಣಿನ ಒಡ್ಡು. ಮಳೆಗೆ ತೊಳೆದು ಬರುವ ಕೆಂಪು ಕೆಸರು ಹಳ್ಳಕ್ಕಿಳಿಯದಂತೆ ತಡೆಯುವುದು ಅದರ ಕೆಲಸ. ಒಡ್ಡಿನ ಕೆಳಗೆ ನಲವತ್ತು ಮನೆಗಳ ಕ್ಯಾಂಪು. ಗಣಿ ನಡೆಯುತ್ತಿದ್ದಾಗ ಅದಿರು ಒಡೆಯಲು ಬಂದವರು ಅಲ್ಲೇ ಉಳಿದಿದ್ದರು.

ಆ ಒಡ್ಡಿನ ಮೈಯೊಳಗೆ ನಾಲ್ಕು ಪೈಪು ಇಳಿಸಿದ್ದರು. ನನ್ನನ್ನು ಹಳೆಯ ಸಾಮಾನಿನ ಅಂಗಡಿಯಿಂದ ಆರಿಸಿ ತಂದ ಸರ್ವೇಯರ್ ದಾದಾಪೀರ್ ಸಾಹೇಬರು ನನ್ನನ್ನು ಕ್ಯಾಂಪಿನ ಸುಂಕ್ಲಮ್ಮನ ಕೈಗೆ ಕೊಟ್ಟು ಹೇಳಿದರು:

"ನೋಡವ್ವ ತಂಗಿ, ಒಡ್ಡು ಅಂದ್ರ ಒಣ ರೊಟ್ಟಿ ಇದ್ದಂಗ. ಒಣಗಿರೋ ತನಕ ಗಟ್ಟಿ. ಒಳಗ ನೀರು ಹೊಕ್ರ ಮೆತ್ತಗ ಆಗಿ ಮುರೀತೈತಿ. ಇದು ಆಳಕ್ಕ ಹೋಗಿ ಕೂಗಿದ್ರ ನಾವು ಕ್ಷೇಮ. ಮ್ಯಾಲೇ ಕೂಗಿದ್ರ ಓಡಬೇಕು."

"ಎಷ್ಟು ಮ್ಯಾಲ ರೀ ಸಾಬ್ರೇ?"

"ಈಗ ಹದಿನೇಳು ಹದಿನೆಂಟು ಮೀಟರ್‌ನಾಗ ಐತಿ. ಹತ್ತಕ್ಕ ಬಂತಂದ್ರ ನನಗ ಹೇಳು. ಆರಕ್ಕ ಬಂತಂದ್ರ ಯಾರನ್ನೂ ಕೇಳಬ್ಯಾಡ, ಊರು ಎಬ್ಬಿಸು."

ಸುಂಕ್ಲಮ್ಮನಿಗೆ ಆಗ ನಲವತ್ತೆರಡು. ಹದಿನಾರನೇ ವಯಸ್ಸಿಗೇ ಸುತ್ತಿಗೆ ಹಿಡಿದು ಅದಿರು ಒಡೆದವಳು. ಗಂಡ ಲಾರಿ ಮಗುಚಿ ತೀರಿಕೊಂಡಿದ್ದ. ಏಳನೇ ತರಗತಿ ಓದಿದ್ದರಿಂದ, ಅಕ್ಷರ ದುಂಡಗಿದ್ದುದರಿಂದ ಗಣಿಯ ಕಂಪನಿ ಆಕೆಯನ್ನು ಒಡ್ಡಿನ ಕಾವಲಿಗೆ ಇಟ್ಟುಕೊಂಡಿತ್ತು. ಪ್ರತಿ ಸೋಮವಾರ ನಾಲ್ಕೂ ಪೈಪಿಗೆ ನನ್ನನ್ನು ಇಳಿಸಿ, ರಿಜಿಸ್ಟರಿನಲ್ಲಿ ಬರೆದು, ಅಂಕಿಗಳನ್ನು ಹೊಸಪೇಟೆಯ ಆಫೀಸಿಗೆ ಫೋನಿನಲ್ಲಿ ಕಳಿಸಬೇಕು. ಮೂರನೇ ಪೈಪಿನ ಮೇಲುಗಡೆ ಡಂಪಿನ ಮೆಟ್ಟಿಲಲ್ಲಿ ಸಾಹೇಬರು ಎರಡು ಕಬ್ಬಿಣದ ಗೂಟ ನೆಟ್ಟಿದ್ದರು. ಅವೆರಡರ ನಡುವೆ ಸರಿಯಾಗಿ ಒಂದು ಮೀಟರ್. ಆ ಅಂತರ ಹೆಚ್ಚಿದರೆ ಗುಡ್ಡ ಬಾಯಿ ಬಿಡುತ್ತಿದೆ ಎಂದರ್ಥ. ಅದನ್ನೂ ತಿಂಗಳಿಗೊಮ್ಮೆ ಅಳೆಯಬೇಕು.

ಆಕೆ ನನಗೆ 'ಪೀಪಿ' ಎಂದು ಹೆಸರಿಟ್ಟಳು. ಅಳತೆ ಮುಗಿದ ಮೇಲೆ ನನ್ನ ಮೈಗೆ ಹತ್ತಿದ ಕೆಸರನ್ನು ಒರೆಸಿ, ಗೋಣಿ ಬಟ್ಟೆಯ ಚೀಲದಲ್ಲಿ ಹಾಕಿ, ಮನೆಯ ಗೂಟಕ್ಕೆ ತೂಗುಹಾಕುತ್ತಿದ್ದಳು. ಪಕ್ಕದ ಮನೆ ಈರಮ್ಮನದು. ಇಬ್ಬರೂ ಒಂದೇ ಬಂಡೆಯ ಮೇಲೆ ಕೂತು ಅದಿರು ಒಡೆದವರು. ಈರಮ್ಮನ ಗಂಡ ಗಾದಿಲಿಂಗಪ್ಪ ಕ್ಯಾಂಪಿಗೆ ಹಿರಿಯ. ಜಗಳ ಬಿಡಿಸುವುದಕ್ಕೂ ಹೆಣ ಹೊರುವುದಕ್ಕೂ ಅವನೇ ಮುಂದೆ.

ಮೂರು ವರ್ಷ ನಾನು ಆಳಕ್ಕೇ ಇಳಿದು ಕೂಗಿದೆ. ಮೂರನೇ ಪೈಪಿನಲ್ಲಿ ಹದಿನೇಳು ಮೀಟರ್ ನಲವತ್ತು ಸೆಂಟಿಮೀಟರ್, ಹದಿನೇಳು ಮೂವತ್ತೈದು, ಮತ್ತೆ ಹದಿನೇಳು ನಲವತ್ತು. ಆ ನಡುವೆ ದಾದಾಪೀರ್ ಸಾಹೇಬರು ನಿವೃತ್ತರಾಗಿ ಕೊಪ್ಪಳಕ್ಕೆ ಮಗಳ ಮನೆಗೆ ಹೋದರು. ಅವರ ಜಾಗಕ್ಕೆ ಶಶಿಧರ ಎಂಬ ಎಂಜಿನಿಯರು ಬಂದರು. ಹೊಸಪೇಟೆಯಲ್ಲೇ ಕೂತು ಇಂಥ ಆರು ಗಣಿಗಳನ್ನು ನೋಡಿಕೊಳ್ಳುತ್ತಿದ್ದರು. ಒಮ್ಮೆ ಬಂದು ಕೈಕಟ್ಟಿ ನಿಂತು, "ಎಲ್ಲ ಹಸಿರಾಗಿದೆ, ಚೆನ್ನಾಗಿದೆ," ಎಂದು ಹೋದವರು ಮತ್ತೆ ಒಡ್ಡು ಹತ್ತಲಿಲ್ಲ.

ನಾಲ್ಕನೇ ವರ್ಷದ ಶ್ರಾವಣದಲ್ಲಿ ಮೂರನೇ ಪೈಪಿನ ಸುತ್ತ ಸೀತಾಫಲ ಕಾಯಿ ಬಿಟ್ಟಿತು. ಒಂದು ಸೋಮವಾರ ಉಳಿದ ಮೂರು ಪೈಪು ಅಳೆದು ಮುಗಿಸಿ ಸುಂಕ್ಲಮ್ಮ ನನ್ನನ್ನು ಹೆಗಲಿಗೆ ಹಾಕಿಕೊಂಡು ಅತ್ತ ನಡೆದಾಗ ಪೊದೆ ಅಲುಗಿತು. ಮರಿಯೊಂದಿಗೆ ಒಂದು ಕರಡಿ ಎದ್ದು ನಿಂತಿತು. ಅದರ ಎದೆಯ ಮೇಲಿನ ಬಿಳಿ ಗುರುತು ನನಗೂ ಕಾಣಿಸಿತು. ಸುಂಕ್ಲಮ್ಮ ಹಿಂದೆ ಹಿಂದೆಯೇ ಹೆಜ್ಜೆ ಇಟ್ಟು, ಒಡ್ಡಿನ ಇಳಿಜಾರಲ್ಲಿ ಜಾರಿ ಬಿದ್ದು, ಮಂಡಿ ತರಚಿಕೊಂಡು ಓಡಿದಳು. ಮನೆ ಸೇರಿ ನನ್ನ ಚೀಲವನ್ನು ಗೂಟಕ್ಕೆ ಹಾಕಿ ಈರಮ್ಮನನ್ನು ಕೂಗಿದಳು.

ಈರಮ್ಮ ಅರಿಸಿನ ಅರೆದು ಮಂಡಿಗೆ ಹಚ್ಚುತ್ತ ಬೈದಳು. "ಕರಡಿ ಬಾಯಾಗ ಬಿದ್ದು ಸಾಯ್ತೀ ಏನ? ಮೂರು ವರ್ಷಾತು, ಅದ ಪೈಪು ಅದ ನೀರು. ಹೋದ ವಾರದ್ದ ಬರ್ದು ಹಾಕು ಮಾರಾಯ್ತಿ. ಯಾರ್ ಬಂದು ನೋಡ್ತಾರ?"

"ಅಂಗ ಬರೀಬಾರ್ದವ್ವ."

"ಒಂದ್ ವಾರಕ್ಕ ಏನಾಗ್ತೈತಿ?"

ಸುಂಕ್ಲಮ್ಮ ರಿಜಿಸ್ಟರು ತೆರೆದು ಪೆನ್ನು ಹಿಡಿದಳು. ನಾನು ಚೀಲದಲ್ಲಿ, ಗೂಟದ ಮೇಲೆ. ಒಂದು, ಎರಡು, ನಾಲ್ಕನೇ ಪೈಪಿನ ಅಂಕಿ ಬರೆದಳು. ಮೂರರ ಎದುರು ಹದಿನೇಳು ನಲವತ್ತು ಎಂದು ಬರೆದಳು.

ನನಗೆ ದಿಗ್ಭ್ರಮೆಯಾಯಿತು. ನಾನು ಇಳಿಯದ ಪೈಪು, ನಾನು ಮುಟ್ಟದ ನೀರು, ನಾನು ಆಡದ ಮಾತು ಅಲ್ಲಿ ದುಂಡಗಿನ ಅಕ್ಷರದಲ್ಲಿ ಕೂತಿತ್ತು.

ಮುಂದಿನ ಸೋಮವಾರವೂ ಕರಡಿಯ ಹೆಜ್ಜೆ ಕಂಡಿತು. ಅದರ ಮುಂದಿನ ವಾರ ಹೆಜ್ಜೆ ಕಾಣಲಿಲ್ಲ, ಆದರೂ ಆಕೆ ಪೈಪಿಗೂ ಹೋಗಲಿಲ್ಲ, ಅದರ ಮೇಲಿನ ಗೂಟಗಳನ್ನೂ ಅಳೆಯಲಿಲ್ಲ. ರೂಢಿಯೆಂಬುದು ಹಾಗೆಯೇ ಬೇರು ಬಿಡುತ್ತದೆ. ಪ್ರತಿ ವಾರ ಒಂದೇ ಅಂಕಿ ಬರೆದರೆ ಅನುಮಾನ ಬಂದೀತೆಂದು ಒಮ್ಮೆ ಮೂವತ್ತೈದು, ಒಮ್ಮೆ ನಲವತ್ತೆರಡು ಎಂದು ಸ್ವಲ್ಪ ಹೆಚ್ಚುಕಡಿಮೆ ಮಾಡಿ ಬರೆಯತೊಡಗಿದಳು. ಉಳಿದ ಮೂರು ಪೈಪುಗಳನ್ನು ಮಾತ್ರ ಒಂದು ವಾರವೂ ತಪ್ಪಿಸದೆ ಅಳೆದಳು. ಅದೇ ಅವಳಿಗೆ ಸಮಾಧಾನ. ಹದಿನಾಲ್ಕು ವಾರ ಹೀಗೆ ಕಳೆಯಿತು.

ದೀಪಾವಳಿ ಮುಗಿದು ಹತ್ತು ದಿನಕ್ಕೆ ಸಮುದ್ರದ ಕಡೆಯಿಂದ ವಾಯುಭಾರ ಕುಸಿತದ ಮಳೆ ಹಿಡಿಯಿತು. ಮೂರು ದಿನ ಬಿಡದೆ ಸುರಿಯಿತು. ನಾಲ್ಕನೇ ದಿನ, ಶನಿವಾರ, ಬೆಳಿಗ್ಗೆ ಹೊಳವಾಯಿತು. ಬಿಸಿಲೂ ಬಿತ್ತು. ಈರಮ್ಮ ಬಟ್ಟೆ ಒಗೆಯಲು ಒಡ್ಡಿನ ಬುಡಕ್ಕೆ ಹೋದಳು. ಅಲ್ಲಿ ಯಾವಾಗಲೂ ಒಂದು ಸಣ್ಣ ಜಿನುಗು ಇರುತ್ತಿತ್ತು, ಕನ್ನಡಿಯಂಥ ತಿಳಿನೀರು. ಹೋದ ಕಾಲಲ್ಲೇ ಆಕೆ ಬಕೆಟ್ಟಿನ ಸಮೇತ ಮರಳಿ ಬಂದಳು.

"ಸುಂಕ್ಲೀ, ಬಟ್ಟಿ ಒಗ್ಯಾಕ ಆಗವಲ್ದು ನೋಡು. ಆ ನೀರು ಕೆಂಪಗ ಬರಾಕ ಹತ್ತೈತಿ. ಕುಂಕುಮ ಕಲಸಿದಂಗ."

ಸುಂಕ್ಲಮ್ಮ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ಜಿನುಗು ತಿಳಿಯಾಗಿದ್ದರೆ ಹೆದರಬೇಡ, ಕೆಂಪಾದರೆ ಒಡ್ಡಿನ ಒಳಗಿನ ಮಣ್ಣು ಕರಗಿ ಹೊರಗೆ ಬರುತ್ತಿದೆ ಎಂದೇ ಲೆಕ್ಕ. ಇದನ್ನು ಆಕೆ ಕಲಿತಿದ್ದಳು. ಹಿಟ್ಟಿನ ಕೈಯಲ್ಲೇ, ರಿಜಿಸ್ಟರೂ ಒಳಗಿದ್ದ ನನ್ನ ಚೀಲ ಎಳೆದುಕೊಂಡಳು. ಒಲೆಯ ಮೇಲೆ ರೊಟ್ಟಿ ಸೀಯುತ್ತಿತ್ತು, ತಿರುಗಿ ನೋಡಲಿಲ್ಲ.

ಒಂದನೇ ಪೈಪು ಹದಿನಾರು. ಎರಡನೆಯದು ಹದಿನೈದೂವರೆ. ಸ್ವಲ್ಪ ಏರಿತ್ತು, ಮಳೆಗಾಲದಲ್ಲಿ ಅಷ್ಟು ಸಹಜ. ಆಮೇಲೆ ಸೀತಾಫಲದ ಪೊದೆ. ಆಕೆ ಒಂದು ಕೋಲಿನಿಂದ ಪೊದೆಯನ್ನು ಬಡಿಯುತ್ತ, "ಹೋಯ್, ಹೋಯ್" ಎಂದು ಕೂಗುತ್ತ ನುಗ್ಗಿದಳು. ಕರಡಿ ಇರಲಿಲ್ಲ. ಎಷ್ಟೋ ವಾರಗಳಿಂದ ಇದ್ದಂತೆಯೂ ಕಾಣಲಿಲ್ಲ. ಪೈಪಿನ ಮುಚ್ಚಳಕ್ಕೆ ಬಳ್ಳಿ ಸುತ್ತಿಕೊಂಡಿತ್ತು. ಕಿತ್ತು ತೆಗೆದು ನನ್ನನ್ನು ಇಳಿಸಿದಳು.

ನಾನು ಹದಿನೇಳು ಮೀಟರ್ ಇಳಿಯಲು ಸಿದ್ಧನಾಗಿದ್ದೆ. ಒಂದು ಮೀಟರ್, ಎರಡು ಮೀಟರ್. ಪೈಪಿನೊಳಗೆ ತಣ್ಣಗಿತ್ತು. ಮೂರು ದಾಟಿ ಒಂದು ಗೇಣು ಹೋಗಿದ್ದೆ ಅಷ್ಟೇ.

ಕೂಗಿದೆ.

ನನ್ನ ದನಿ ನನಗೇ ಅಪರಿಚಿತವೆನಿಸಿತು. ಸುಂಕ್ಲಮ್ಮ ನನ್ನನ್ನು ಸರ್ರನೆ ಮೇಲೆಳೆದಳು. ಗುಂಡನ್ನು ಸೆರಗಿನಿಂದ ಗಸಗಸ ಒರೆಸಿದಳು. "ಪೀಪೀ, ಏನಾಗೈತೋ ನಿನಗ?" ಎಂದಳು. ಮತ್ತೆ ಇಳಿಸಿದಳು. ಅಲ್ಲೇ ಕೂಗಿದೆ. ಪೈಪಿನ ಗೋಡೆಯ ತೇವ ತಾಗಿರಬಹುದೆಂದು ಮೂರನೇ ಸಲ ಮೆಲ್ಲಗೆ, ನಡುಮಧ್ಯಕ್ಕೆ ಹಿಡಿದು ಇಳಿಸಿದಳು. ಮೂರು ಮೀಟರ್ ಇಪ್ಪತ್ತು. 

ತಲೆಯೆತ್ತಿ ಡಂಪಿನ ಕಡೆ ನೋಡಿದಳು. ಸಾಹೇಬರು ನೆಟ್ಟ ಎರಡು ಗೂಟಗಳಲ್ಲಿ ಒಂದು ನೆಟ್ಟಗಿತ್ತು. ಇನ್ನೊಂದು ಇಳಿಜಾರಿನತ್ತ ವಾಲಿ, ಎರಡಾಳು ಉದ್ದದಷ್ಟು ದೂರಕ್ಕೆ ಹೋಗಿ ನಿಂತಿತ್ತು. ನಡುವೆ ನೆಲ ಸೀಳಿತ್ತು. ಆ ಸೀಳಿಗೆ ಒಂದು ಕಲ್ಲು ಉರುಳಿತು. ಬಿದ್ದ ಸದ್ದು ಬರಲಿಲ್ಲ. ಡಂಪಿನ ಕಲ್ಲುಮಣ್ಣು ಜಾರಿ ಬಂದು, ಮಳೆನೀರು ಸಾಗಿಸುವ ಪಕ್ಕದ ಕಾಲುವೆಯನ್ನು ಪೂರಾ ಮುಚ್ಚಿತ್ತು. ಹೊರಗೆ ಹರಿಯಬೇಕಾದ ನೀರೆಲ್ಲ ಅಲ್ಲೇ ನಿಂತು ಒಡ್ಡಿನೊಳಕ್ಕೆ ಇಂಗುತ್ತಿತ್ತು. ಕುಸಿದ ಮಣ್ಣಿನ ಮೇಲೆ ಹುಲ್ಲು ಹಸಿರಾಗಿ ಬೆಳೆದಿತ್ತು. ಅಂದರೆ ಅದು ಮೂರು ದಿನದ ಮಳೆಯ ಕೆಲಸವಲ್ಲ. ಎರಡು ತಿಂಗಳಿಗೂ ಹಳೆಯದು. ಸುಂಕ್ಲಮ್ಮ ಮಂಡಿಯೂರಿ ಆ ಹುಲ್ಲನ್ನು ಮುಟ್ಟಿ ನೋಡಿದಳು.

 ಎದ್ದು ಫೋನು ತೆಗೆದಳು.

"ಸಾರ್, ಮೂರನೇ ಪೈಪಿನಾಗ ನೀರು ಮೂರು ಮೀಟರ್‌ಗೆ ಬಂದೈತ್ರಿ. ಡಂಪು ಬಾಯಿ ಬಿಟ್ಟೈತಿ."

ಶಶಿಧರರ ದನಿ ನನಗೆ ಸ್ಪಷ್ಟವಾಗಿ ಕೇಳಿಸಿತು. "ಏನಮ್ಮ, ಸೋಮವಾರ ಹದಿನೇಳು ಮೂವತ್ತೈದು ಅಂತ ಕಳ್ಸಿದ್ದೀರ. ಐದು ದಿನದಲ್ಲಿ ಹದಿನಾಲ್ಕು ಮೀಟರ್ ಏರುತ್ತಾ? ನಿಮ್ಮ ಟೇಪು ಕೆಟ್ಟಿರಬೇಕು. ಸೋಮವಾರ ಬೇರೆ ಕಳಿಸ್ತೀನಿ."

"ಟೇಪು ಕೆಟ್ಟಿಲ್ರಿ ಸಾರ್."

"ಇಲ್ಲಮ್ಮ, ನಾಲ್ಕು ತಿಂಗಳ ಗ್ರಾಫ್ ನನ್ನ ಮುಂದೇನೇ ಇದೆ. ಗೆರೆ ಎಳೆದ ಹಾಗೆ ನೇರವಾಗಿದೆ."

ಸುಂಕ್ಲಮ್ಮ ಕಣ್ಣು ಮುಚ್ಚಿಕೊಂಡಳು. ತಾನು ಬರೆದ ಸುಳ್ಳೇ ಈಗ ನಿಜದ ಬಾಯಿ ಮುಚ್ಚುತ್ತಿದೆ ಎಂದು ಆಕೆಗೆ ತಿಳಿಯಿತು. ಸುಳ್ಳನ್ನು ತೆಗೆಯದೆ ನಿಜಕ್ಕೆ ದಾರಿಯಿರಲಿಲ್ಲ.

"ಸಾರ್, ಆ ಗೆರಿ ನಾನು ಮನ್ಯಾಗ ಕುಂತು ಎಳೆದಿದ್ದು. ಹದಿನಾಲ್ಕು ವಾರದಿಂದ ಈ ಪೈಪಿಗೆ ಬಂದಿಲ್ರಿ. ಕರಡಿಗೆ ಅಂಜಿ ಸುಳ್ಳು ಬರ್ದೀನಿ. ಈವತ್ತು ಹೇಳಾಕ ಹತ್ತಿದ್ದು ಖರೇ ಐತ್ರಿ. ಕೆಳಗ ನಲವತ್ತು ಮನಿ ಅದಾವ ಸಾರ್."

  ಅತ್ತ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿತು. "ಜನಾನ ಎಬ್ಬಿಸಿ," ಎಂದರು ಶಶಿಧರ.  "ಹಳ್ಳದ ಆಚೆ ಸ್ಕೂಲ್ ದಿಬ್ಬ ಇದೆಯಲ್ಲ, ಅಲ್ಲಿಗೆ ಹತ್ತಿಸಿ. ಯಾರನ್ನೂ ಕಾಯಬೇಡಿ. ನಾನು ಹೊರಟೆ."

ಕ್ಯಾಂಪಿನವರು ಸುಲಭಕ್ಕೆ ಏಳಲಿಲ್ಲ. ಬಿಸಿಲು ಬಿದ್ದಿತ್ತು. ಮಳೆ ನಿಂತಿತ್ತು. ಗಾದಿಲಿಂಗಪ್ಪ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ.

"ಹೋದ ವಾರ ಕೇಳಿದ್ರ ಏನಿಲ್ಲ, ಗಟ್ಟಿ ಐತಿ ಅಂದಾಕಿ ನೀನ ಅಲ್ಲೇನವ್ವ?"

"ಸುಳ್ಳು ಹೇಳಿದ್ದೆ ಮಾವ." ಎಲ್ಲರ ಮುಂದೆ, ಎದೆಗೆ ನನ್ನನ್ನು ಅವಚಿಕೊಂಡು ಅಂದಳು. "ನಾ ಅಳತಿ ಮಾಡಿದ್ದಿಲ್ಲ. ಹದಿನಾಲ್ಕು ವಾರ ಸುಳ್ಳು ಬರ್ದೀನಿ. ಬೇಕಾದ್ರ ನನ್ನ ಇಲ್ಲೇ ಹೊಡೀರಿ, ಆದ್ರ ದಿಬ್ಬ ಹತ್ತಿ ಹೊಡೀರಿ."

ಯಾರೋ ಒಬ್ಬಳು ಅವಳ ಮುಖಕ್ಕೆ ಉಗಿದಳು. ಸುಂಕ್ಲಮ್ಮ ಒರೆಸಿಕೊಳ್ಳಲಿಲ್ಲ. ಗಾದಿಲಿಂಗಪ್ಪ ಬೀಡಿ ಕೆಳಗೆ ಹಾಕಿದ. ಅವಳ ಮುಖವನ್ನೇ ದಿಟ್ಟಿಸಿ ನೋಡಿದ. ಸುಳ್ಳು ಹೇಳಿದೆ ಎಂದು ನಲವತ್ತು ಮನೆಯವರ ಮುಂದೆ ಸುಮ್ಮನೆ ಯಾರೂ ಹೇಳಿಕೊಳ್ಳುವುದಿಲ್ಲ ಎಂದು ಅವನಿಗೆ ಹೊಳೆದಿರಬೇಕು.

"ಏಳ್ರಲೇ!" ಎಂದ. ಆ ಒಂದು ಮಾತಿಗೆ ಕ್ಯಾಂಪು ಎದ್ದಿತು.

ಹಾಸಿಗೆ ಹಿಡಿದವರನ್ನು ಮಂಚದ ಸಮೇತ ಹೊತ್ತರು. ಮಕ್ಕಳನ್ನು ಎಣಿಸಿ ಎಣಿಸಿ ಹಳ್ಳ ದಾಟಿಸಿದರು. ಗಾದಿಲಿಂಗಪ್ಪ ಪ್ರತಿ ಬಾಗಿಲಿಗೂ ಹೋಗಿ ಕೂಗಿ ಬಂದ. ಹನ್ನೆರಡರ ಹೊತ್ತಿಗೆ ಶಶಿಧರರ ಜೀಪು ಬಂತು. ಅವರು ಒಡ್ಡಿನ ಬುಡಕ್ಕೆ ಓಡಿ, ಕೆಂಪು ನೀರು ಈಗ ತೊಡೆ ಗಾತ್ರಕ್ಕೆ ಬರುತ್ತಿರುವುದನ್ನು ನೋಡಿ, ಅಷ್ಟೇ ವೇಗವಾಗಿ ಹಿಂದಕ್ಕೆ ಓಡಿಬಂದರು. ಮುಖ ಸುಣ್ಣದಂತಾಗಿತ್ತು.

ದಿಬ್ಬದ ಮೇಲೆ ಎಲ್ಲರೂ ಸೇರಿದಾಗ ಕೆಳಗೆ ಒಂದು ಎಮ್ಮೆ ಒದರಿತು. ಕಡೆಯ ಮನೆಯ ಹಿತ್ತಿಲಲ್ಲಿ ಕಟ್ಟಿದ್ದನ್ನು ಬಿಚ್ಚುವುದು ಮರೆತಿದ್ದರು.

"ಹಗ್ಗ ಹರ್ದು ಬಂದ್ಬಿಡ್ತೀನಿ," ಎಂದ ಗಾದಿಲಿಂಗಪ್ಪ. ಈರಮ್ಮ ತೋಳು ಹಿಡಿದಳು. ಅವನು ಮೆಲ್ಲಗೆ ಬಿಡಿಸಿಕೊಂಡು, "ಮೂಕ ಪ್ರಾಣಿ ಐತಿ, ಬಿಡು," ಎಂದು ಇಳಿದ.

ಅವನು ಹಿತ್ತಿಲಿನ ಗೋಡೆಯ ಹಿಂದೆ ಮರೆಯಾದದ್ದನ್ನು ನಾವೆಲ್ಲ ನೋಡಿದೆವು. ಅಷ್ಟರಲ್ಲಿ ಒಡ್ಡಿನ ಮೂರನೇ ಪೈಪಿದ್ದ ಜಾಗ ಯಾರೋ ಒಳಗಿಂದ ಉಸಿರೆಳೆದುಕೊಂಡಂತೆ ಕುಗ್ಗಿತು. ಸೀತಾಫಲದ ಗಿಡಗಳು ನಿಂತ ಹಾಗೆಯೇ ನಡೆಯತೊಡಗಿದವು.  ಆಮೇಲೆ ಸದ್ದು ಬಂತು. ಕೆಂಪು ಕೆಸರು, ಕಲ್ಲು, ಹೊಂಗೆಮರ, ನಾರಿನ ಬಲೆ ಎಲ್ಲ ಒಂದೇ ಮುದ್ದೆಯಾಗಿ ಇಳಿದು ನಲವತ್ತು ಮನೆಗಳ ಮೇಲೆ ಹಾಯ್ದವು. ಸುಣ್ಣ ಬಳಿದ ಗೋಡೆಗಳು ಕಂಡವು, ಆಮೇಲೆ ಕಾಣಲಿಲ್ಲ. ಶಾಲೆಯ ಗಂಟೆ ತಂತಾನೇ ಅಲುಗಾಡಿ ಒಂದು ಸಲ ಬಡಿಯಿತು.

ಎಲ್ಲ ನಿಂತ ಮೇಲೆ ಕೆಸರಿನಂಚಿನಿಂದ ಎಮ್ಮೆ ಹತ್ತಿ ಬಂತು. ಕೊರಳಲ್ಲಿ ಕೊಯ್ದ ಹಗ್ಗದ ತುಂಡು ನೇತಾಡುತ್ತಿತ್ತು. ಅದರ ಹಿಂದೆ ಯಾರೂ ಬರಲಿಲ್ಲ.

ಗಾದಿಲಿಂಗಪ್ಪ ಸಿಕ್ಕಿದ್ದು ಮಾರನೆಯ ದಿನ, ಹಳ್ಳದ ತಿರುವಿನಲ್ಲಿ. ಮಣ್ಣು ಮಾಡಿ ಬಂದ ಮೇಲೆ ಈರಮ್ಮ ಶಾಲೆಯ ಜಗಲಿಯ ಮೇಲೆ ಒಬ್ಬಳೇ ಕೂತಿದ್ದಳು. ಸುಂಕ್ಲಮ್ಮ ದೂರದಲ್ಲೇ ನಿಂತಳು. ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ನಾಲ್ಕು ಜನ ಅವಳನ್ನು ತೋರಿಸಿ ಮಾತಾಡುತ್ತಿದ್ದರು. ಅವಳು ಎಬ್ಬಿಸದಿದ್ದರೆ ನಾವ್ಯಾರೂ ಇರುತ್ತಿರಲಿಲ್ಲ ಎಂದು ಕೆಲವರು. ಅವಳು ಅಳೆದಿದ್ದರೆ ಕಾಲುವೆ ತೆರವಾಗುತ್ತಿತ್ತು, ಮನೆಯೂ ಗಾದಿಲಿಂಗಪ್ಪನೂ ಉಳಿಯುತ್ತಿದ್ದರು ಎಂದು ಕೆಲವರು. ಎರಡೂ ನಿಜವಾಗಿತ್ತು. ಅದಕ್ಕೇ ಆ ಮಾತು ಮುಗಿಯುತ್ತಿರಲಿಲ್ಲ.

ಈರಮ್ಮನೇ ಎದ್ದು ಬಂದಳು. ಹೊಡೆಯುತ್ತಾಳೆಂದೇ ಎಲ್ಲರೂ ತಿಳಿದರು.

"ಸುಂಕ್ಲೀ, ಅವತ್ತು ಬರ್ದು ಹಾಕು ಅಂದಾಕಿ ನಾನ..."

ಸುಂಕ್ಲಮ್ಮ ತಟ್ಟನೆ ಅವಳ ಬಾಯಿಗೆ ಅಂಗೈ ಒತ್ತಿದಳು. "ಸುಮ್ಕಿರು," ಎಂದಳು ಕಿವಿಯ ಹತ್ತಿರ. "ಪೆನ್ನು ಹಿಡಿದಾಕಿ ನಾನು."

ಆ ಪಿಸುಮಾತು ಕೇಳಿಸಿದ್ದು ಅವಳ ಹೆಗಲಿನಲ್ಲಿದ್ದ ನನಗೆ ಮಾತ್ರ.

ಮೂರನೇ ದಿನ ಹೆಡ್ಡಾಫೀಸಿನಿಂದ ಒಬ್ಬರು ಬಂದರು. ಶಾಲೆಯ ಒಂದು ಕೋಣೆಯಲ್ಲಿ ಕೂತು ಸುಂಕ್ಲಮ್ಮನನ್ನು ಕರೆಸಿದರು. ಶಶಿಧರ ಕಿಟಕಿಯ ಬಳಿ ನಿಂತಿದ್ದರು. ಮೇಜಿನ ಮೇಲೆ ನಾನು, ನನ್ನ ಪಕ್ಕದಲ್ಲಿ ರಿಜಿಸ್ಟರು.

"ನೋಡಮ್ಮ," ಎಂದರು ಹೆಡ್ಡಾಫೀಸಿನವರು ಬಹಳ ಮೃದುವಾಗಿ, "ನೀನು ಹೊಸದಾಗಿ ಏನೂ ಮಾಡಬೇಕಾಗಿಲ್ಲ. ರಿಜಿಸ್ಟರ್ ಸರಿಯಾಗೇ ಇದೆ. ಪ್ರತಿ ವಾರ ಅಳೆದೆ, ಸರಿ ಇತ್ತು, ಮೂರು ದಿನದ ಮಳೆಗೆ ಒಮ್ಮೆಲೇ ಏರಿತು ಅಂತ ಹೇಳು ಸಾಕು. ಫೋನಲ್ಲಿ ಹೇಳಿದ್ದು ಗಾಬರಿಯ ಮಾತು. ಪ್ರಕೃತಿ ವಿಕೋಪಕ್ಕೆ ಯಾರು ಹೊಣೆ? ನಿನ್ನ ಮೇಲೆ ಕೇಸಿಲ್ಲ, ಇವರ ಮೇಲೂ ಇಲ್ಲ."

ನಾನು ಬೆರಗಾಗಿ ಅವರ ಬಾಯಿಯನ್ನೇ ನೋಡಿದೆ. ಒಂದು ಸಾವಿನ ಮೇಲೆ ಅಷ್ಟು ಮೆತ್ತಗೆ ಮಾತಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಸುಂಕ್ಲಮ್ಮ ಶಶಿಧರರ ಕಡೆ ನೋಡಿದಳು. ಅವರು ನೆಲ ನೋಡುತ್ತಿದ್ದರು.

"ಪೆನ್ನು ಕೊಡ್ರಿ," ಎಂದಳು.

ಹೆಡ್ಡಾಫೀಸಿನವರು ಸಂತೋಷದಿಂದ ಜೇಬಿನ ಪೆನ್ನು ತೆಗೆದುಕೊಟ್ಟರು. ಸುಂಕ್ಲಮ್ಮ ನಿಂತೇ ರಿಜಿಸ್ಟರು ತೆರೆದಳು. ಶ್ರಾವಣದ ಆ ಸೋಮವಾರದ ಪುಟ ಹುಡುಕಿ, ಮೂರನೇ ಪೈಪಿನ ಎದುರಿನ ಅಂಕಿಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಅಳೆದಿಲ್ಲ' ಎಂದು ಬರೆದಳು. ಪುಟ ತಿರುವಿದಳು. ಮತ್ತೆ 'ಅಳೆದಿಲ್ಲ'. ಹೆಡ್ಡಾಫೀಸಿನವರಿಗೆ ಅರ್ಥವಾಗುವಷ್ಟರಲ್ಲಿ ಐದು ವಾರ ಮುಗಿದಿತ್ತು. "ಏಯ್, ಏನ್ ಮಾಡ್ತಿದ್ದೀಯಮ್ಮ!" ಎಂದು ಅವರು ರಿಜಿಸ್ಟರಿಗೆ ಕೈ ಹಾಕಿದಾಗ ಶಶಿಧರ ನಡುವೆ ಬಂದು ನಿಂತರು.

"ಬರೀಲಿ ಬಿಡಿ ಸಾರ್."

"ನಿಮ್ಮ ತಲೆಗೂ ಬರುತ್ತೆ ಶಶಿಧರ್!"

"ಬರ್ಲಿ. ಒಂದು ವರ್ಷದಿಂದ ನಾನು ಒಡ್ಡಿನ ಮೇಲೆ ಕಾಲಿಟ್ಟಿಲ್ಲ."

ಹದಿನಾಲ್ಕು ವಾರವೂ ಆಯಿತು. ಕೊನೆಯಲ್ಲಿ ಆಕೆ ತನ್ನ ಪೂರ್ತಿ ಹೆಸರು ಬರೆದಳು. ಅಕ್ಷರ ಎಂದಿನಂತೆ ದುಂಡಗಿರಲಿಲ್ಲ. ಶಶಿಧರ ರಿಜಿಸ್ಟರನ್ನೂ ನನ್ನನ್ನೂ ತೆಗೆದುಕೊಂಡು ಹೋಗಿ ತನಿಖೆಯ ಅಧಿಕಾರಿಗಳಿಗೆ ಒಪ್ಪಿಸಿದರು.

ಸುಂಕ್ಲಮ್ಮನ ಕೆಲಸ ಹೋಯಿತು. ಕೇಸೂ ಬಿತ್ತು, ಅವಳೊಬ್ಬಳ ಮೇಲಲ್ಲ. ಕ್ಯಾಂಪಿನವರಿಗೆ ದಿಬ್ಬದ ಆಚೆ ಮನೆ ಕಟ್ಟಿಸಿಕೊಟ್ಟರೆಂದು ಕೇಳಿದೆ. ಹೊಸ ಒಡ್ಡಿಗೆ ತಾವೇ ಅಳೆದು ತಾವೇ ಆಫೀಸಿಗೆ ಅಂಕಿ ಕಳಿಸುವ ಯಂತ್ರಗಳನ್ನು ಹೂತಿದ್ದಾರಂತೆ. ನನ್ನಂಥವರ ಕಾಲ ಮುಗಿಯಿತು. ನನ್ನ ಕೊರಳಿಗೆ ಒಂದು ಚೀಟಿ ಕಟ್ಟಿ, ಅರಗಿನ ಮುದ್ರೆ ಒತ್ತಿ, ಬ್ಯಾಟರಿ ತೆಗೆದು ಬಳ್ಳಾರಿಯ ಒಂದು ಸರ್ಕಾರಿ ಕಚೇರಿಯ ಬೀರುವಿನಲ್ಲಿಟ್ಟರು. ಪಕ್ಕದಲ್ಲಿ ಯಾವುದೋ ಕೇಸಿನ ತಕ್ಕಡಿ, ಒಂದು ತುಕ್ಕು ಹಿಡಿದ ಕೊಡಲಿ. ನನ್ನ ಹಳದಿ ಬಣ್ಣ ಮಾಸಿದೆ. ಮೊದಲ ಹತ್ತು ಮೀಟರಿನ ಅಂಕಿಗಳು ಅಳಿಸಿವೆ.

ಎರಡು ವರ್ಷದ ಮೇಲೆ ಒಂದು ದಿನ ನನ್ನನ್ನು ಹೊರತೆಗೆದರು. ವಿಚಾರಣೆಯ ಕೋಣೆ. ಸುಂಕ್ಲಮ್ಮ ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಿಂದಿನ ಬೆಂಚಿನಲ್ಲಿ ಕ್ಯಾಂಪಿನ ಏಳೆಂಟು ಜನ, ಅವರ ನಡುವೆ ಈರಮ್ಮ.

"ಆ ದಿನ ಈ ಉಪಕರಣ ಕೆಟ್ಟಿತ್ತೆ?" ಎಂದು ಅಧಿಕಾರಿ ಕೇಳಿದರು.

"ಇಲ್ರೀ. ಇದು ಸರಿ ಇತ್ತು."

"ಈಗಲೂ ಕೆಲಸ ಮಾಡುತ್ತಾ, ನೋಡೋಣ."

ಯಾರೋ ಹೊಸ ಬ್ಯಾಟರಿ ತಂದು ಹಾಕಿದರು. ಮೇಜಿನ ಮೇಲಿದ್ದ ನೀರಿನ ಲೋಟಕ್ಕೆ ಅಧಿಕಾರಿಯೇ ನನ್ನ ಗುಂಡನ್ನು ಇಳಿಬಿಟ್ಟರು. ಎರಡು ವರ್ಷದ ಮೇಲೆ ನೀರು ಮುಟ್ಟಿದೆ. ತಡೆದುಕೊಳ್ಳುವುದು ನನ್ನ ಕೈಯಲ್ಲಿಲ್ಲ. ಕೂಗಿದೆ.

"ಪರವಾಗಿಲ್ಲ, ಜೋರಾಗೇ ಇದೆ," ಎಂದರು ಅಧಿಕಾರಿ, ಗುಂಡನ್ನು ಲೋಟದಲ್ಲೇ ಬಿಟ್ಟು ಏನನ್ನೋ ಬರೆದುಕೊಳ್ಳತೊಡಗಿದರು. ನಾನು ಕೂಗುತ್ತಲೇ ಇದ್ದೆ. ಬೆಂಚಿನಲ್ಲಿದ್ದ ಜನ ತಮಗೆ ತಿಳಿಯದೆಯೇ ಎದ್ದು ನಿಂತಿದ್ದರು.  ಸುಂಕ್ಲಮ್ಮ ನಿಂತಲ್ಲೇ ನೆಲಕ್ಕೆ ಕೂತಳು. ಎರಡೂ ಕಿವಿ ಮುಚ್ಚಿಕೊಂಡಳು.

ಈರಮ್ಮ ಬೆಂಚುಗಳ ನಡುವಿನಿಂದ ಬಂದಳು. ಬರಬಾರದೆಂದು ಜವಾನ ಹೇಳುತ್ತಿದ್ದ, ಆಕೆ ಕೇಳಲಿಲ್ಲ. "ಸಾಕ್ರೀ ಸಾಹೇಬ್ರ," ಎಂದು ತಾನೇ ನನ್ನನ್ನು ಲೋಟದಿಂದ ಮೇಲೆತ್ತಿದಳು. ನನ್ನ ದನಿ ನಿಂತಿತು. ಗುಂಡಿನ ಮೇಲಿನ ನೀರನ್ನು ಸೆರಗಿನ ತುದಿಯಿಂದ ಒರೆಸಿ, ಸದ್ದಾಗದ ಹಾಗೆ ಮೇಜಿನ ಮೇಲಿಟ್ಟಳು. ಆಮೇಲೆ ನೆಲದ ಮೇಲೆ, ಸುಂಕ್ಲಮ್ಮನ ಪಕ್ಕದಲ್ಲಿ ತಾನೂ ಕೂತಳು.

ಈಗ ಮತ್ತೆ ಬೀರುವಿನಲ್ಲಿದ್ದೇನೆ. ತೀರ್ಪು ಬಂತೋ ಇಲ್ಲವೋ ನನಗೆ ಯಾರೂ ಹೇಳಿಲ್ಲ. ಆ ಹದಿನಾಲ್ಕು ವಾರ ನಾನು ಗೂಟದ ಮೇಲೆ ತೂಗುತ್ತ ಸುಮ್ಮನಿದ್ದೆನಲ್ಲ, ಅದು ನನ್ನನ್ನು ಇನ್ನೂ ಬಿಟ್ಟಿಲ್ಲ. ನೀರಿಗೆ ಮಾತ್ರ ಕೂಗುವ ಬಾಯಿ ಕೊಟ್ಟು ನನ್ನನ್ನು ಮಾಡಿದರು. ಒಂದು ಪೆನ್ನು ಸುಳ್ಳು ಬರೆಯಲು ಕಾಗದ ಮುಟ್ಟಿದಾಗಲೂ ಕೂಗುವಂತಿದ್ದರೆ, ಆ ಶ್ರಾವಣದ ಸೋಮವಾರ ಅರಿಸಿನ ಹಚ್ಚಿಕೊಂಡು ಕೂತಿದ್ದ ಆ ಇಬ್ಬರು ಹೆಂಗಸರೂ ಬೆಚ್ಚಿ ಎದ್ದಿರುತ್ತಿದ್ದರು.